ಗ್ರೀಟಿಂಗ್ ಕಾರ್ಡ್ ಮಾಡ್ಲಾಕ ಯಾವ ಸ್ಟ್ಯಾಂಪ್, ಯಾವ ಇಂಕ್, ಯಾವ ಅಲಂಕಾರ ಚಲೋ? ಕಲಬುರಗಿ, ಬೀದರ್, ಯಾದಗಿರಿ ಕಡೆಯವರಿಗೆ ಒಂದು ಹೋಲಿಕೆ

ಕೈಯಿಂದ ಗ್ರೀಟಿಂಗ್ ಕಾರ್ಡ್ ಮಾಡ್ಬೇಕು ಅಂತ ಆಸೆ ಬಂದವರು ಮೊದಲ ಮಾಡೋ ಕೆಲಸ ಅಂದ್ರ ಆನ್‌ಲೈನ್‌ದಾಗ ಸ್ಟ್ಯಾಂಪ್ ಸೆಟ್ ಹುಡುಕೋದು. ಹುಡುಕಿದ್ರ ಬರೋದೆಲ್ಲಾ ಹ್ಯಾಪಿ ಬರ್ತ್‌ಡೇ, ಥ್ಯಾಂಕ್ ಯೂ, ಕ್ರಿಸ್‌ಮಸ್ ಗಿಡ, ಹಿಮ ಬಿದ್ದ ಮನಿ. ದಸರಾದ ಬನ್ನಿ ಇಲ್ಲ, ಸಂಕ್ರಾಂತಿದು ಎಳ್ಳು ಬೆಲ್ಲ ಇಲ್ಲ, ಕನ್ನಡ ಅಕ್ಷರದ ಸ್ಟ್ಯಾಂಪ್ ಅಂತೂ ಭಾಳ ಅಪರೂಪ. ಅದಕ್ಕ ನಾ ಹೇಳೋದು ಇಷ್ಟ ನೋಡ್ರಿ, ರೊಕ್ಕ ಮೊದಲು ಇಂಕ್‌ಗೆ ಮತ್ತ ಕಾಗದಕ್ಕ ಹಾಕ್ರಿ, ಸ್ಟ್ಯಾಂಪ್ ಊರಾಗೇ ಮಾಡಿಸ್ರಿ ಇಲ್ಲಾ ಕೈಯಿಂದ ಕೊರ್ಕೋರಿ, ಮುತ್ತು, ಕುಂದಣ, ಲೇಸ್ ಎಲ್ಲಾ ಕೊನೀಗೆ. ಭಾಳ ಮಂದಿ ಇದರ ಉಲ್ಟಾ ಮಾಡ್ತಾರ, ಡಬ್ಬಿ ತುಂಬ ಸ್ಟಿಕ್ಕರ್ ತಂದು ಇಟ್ಕೊಂಡು ಇಂಕ್ ಮಾತ್ರ ಆಫೀಸ್‌ದ್ದು ನೇರಳೆ ಪ್ಯಾಡ್ ಬಳಸ್ತಾರ, ಆಮ್ಯಾಲ ಕಾರ್ಡ್ ಛಂದ ಬರ್ಲಿಲ್ಲ ಅಂತ ಬಿಟ್ಟೇ ಬಿಡ್ತಾರ.

ಮೊದಲು ಸ್ಟ್ಯಾಂಪ್ ಬಗ್ಗೆನೇ ಹೇಳ್ತೀನಿ, ಯಾಕಂದ್ರ ಎಲ್ಲಾರೂ ಕೇಳೋದು ಅದನ್ನೇ.

ರೆಡಿ ಸಿಗೋದ್ರಾಗ ಎರಡು ಜಾತಿ ಅವ. ಒಂದು ಕೆಂಪು ರಬ್ಬರ್, ಕಟ್ಟಿಗಿ ತುಂಡಿಗೆ ಅಂಟಿಸಿರ್ತಾರ. ಇನ್ನೊಂದು ಕ್ಲಿಯರ್ ಸ್ಟ್ಯಾಂಪ್, ಫೋಟೋಪಾಲಿಮರ್‌ದು, ಪ್ಲಾಸ್ಟಿಕ್ ಹಾಳಿಗೆ ಅಂಟ್ಕೊಂಡು ಬರ್ತದ, ಅದನ್ನ ಬಿಡಿಸಿ ಅಕ್ರಿಲಿಕ್ ಬ್ಲಾಕ್‌ಗೆ, ಅಂದ್ರ ಆಚೆ ಕಾಣೋ ದಪ್ಪ ಪ್ಲಾಸ್ಟಿಕ್ ತುಂಡಿಗೆ, ಹಚ್ಚಿ ಒತ್ತೋದು, ಕೆಲಸ ಆದಮ್ಯಾಲ ಮತ್ತ ಹಾಳಿಗೇ ಹಚ್ಚಿ ಇಡೋದು. ಕ್ಲಿಯರ್‌ದಾಗ ದೊಡ್ಡ ಲಾಭ ಏನಂದ್ರ ಮ್ಯಾಲಿಂದ ಕೆಳಗಿನ ಕಾಗದ ಕಾಣ್ತದ, ಹೂವಿನ ಬಾಜುಕ ಎಲಿ ಎಲ್ಲಿ ಬೀಳ್ಬೇಕೋ ಅಲ್ಲೇ ಬೀಳ್ತದ, ಅಕ್ಷರ ಸೊಟ್ಟ ಆಗಂಗಿಲ್ಲ. ಜಾಗಾನೂ ಕಮ್ಮಿ ಸಾಕು, ಹಾಳಿಗಳನ್ನ ಒಂದು ಫೈಲ್‌ದಾಗ ಹಾಕಿ ಇಟ್ರ ಮುಗೀತು. ಹೊಸಾದು ಒತ್ತಿದಾಗ ಇಂಕ್ ಹನಿಹನಿ ಆಗಿ ನಿಲ್ತದ, ಹಂಗ ಆದ್ರ ಪೆನ್ಸಿಲ್ ಅಳಸೋ ರಬ್ಬರಿನಿಂದ ಸ್ಟ್ಯಾಂಪಿನ ಮುಖ ಹಗೂರಕ ತಿಕ್ರಿ, ಆಮ್ಯಾಲ ಇಂಕ್ ಸರಿ ಹಿಡಿತದ.

ಆದ್ರ ನಮ್ಮ ಕಡಿ ಬ್ಯಾಸಗಿ ನೆನಪಿಡ್ರಿ. ಏಪ್ರಿಲ್ ಮೇ ಒಳಗ ಕಲಬುರಗಿದಾಗ 42, 43 ಡಿಗ್ರಿ ಹೊಸಾದೇನಲ್ಲ. ಫೋಟೋಪಾಲಿಮರ್ ಅನ್ನೋದು ಅಲ್ಟ್ರಾವಯಲೆಟ್ (ಯುವಿ) ಬೆಳಕಿಗೆ ಗಟ್ಟಿ ಆಗೋ ಸಾಮಾನು, ಮಾಡಿದ್ಮ್ಯಾಲೂ ಬಿಸಿಲು ಬಿದ್ರ ಹಳದಿ ಆಗ್ತದ, ಬಿರುಸಾಗ್ತದ, ಕೆಲವು ಸಸ್ತಾ ಸೆಟ್ ಅಂತೂ ಅಂಟಂಟು ಆಗಿ ಒಂದಕ್ಕೊಂದು ಹಿಡ್ಕೊಂಡು ಬಿಡ್ತಾವ. ಕಿಟಕಿ ಬಾಜು, ತಗಡಿನ ಶೆಡ್ಡಿನ ಕೋಣಿ, ಕಾರಿನ ಡಿಕ್ಕಿ, ಇಲ್ಲೆಲ್ಲಾ ಇಡಬ್ಯಾಡ್ರಿ. ಕೆಂಪು ರಬ್ಬರಿಗೆ ಈ ತ್ರಾಸ ಇಲ್ಲ. ರಬ್ಬರಿಗೆ ಗಂಧಕ ಕೂಡಿಸಿ ಕಾಸಿ ಗಟ್ಟಿ ಮಾಡೋ ವಿಧಾನಕ್ಕ ಅಮೆರಿಕಾದ ಚಾರ್ಲ್ಸ್ ಗುಡ್‌ಇಯರ್ 1844ರಾಗ ಪೇಟೆಂಟ್ ತಗೊಂಡ, ಅದಕ್ಕೂ ಮೊದಲಿನ ಹಸಿ ರಬ್ಬರ್ ಬಿಸಿಲಿಗೆ ಕರಗ್ತಿತ್ತು ಚಳಿಗೆ ಸೀಳ್ತಿತ್ತು, ಈಗಿನ ಕೆಂಪು ಸ್ಟ್ಯಾಂಪ್ ಆ ಗಂಧಕ ಕೂಡಿಸಿದ ರಬ್ಬರಿಂದೇ. ಹಂಗಾಗಿ ಯಾವ ಇಂಕ್ ಹಚ್ಚಿದ್ರೂ ತಡೀತದ, ಸಣ್ಣ ಗೆರಿನೂ ಕರೆಕ್ಟಾಗಿ ಮೂಡ್ತದ, ಚಲೋತ್ನಾಗಿ ಇಟ್ಕೊಂಡ್ರ ವರ್ಷಾನುಗಟ್ಟಲೆ ಬರ್ತದ. ತುಟ್ಟಿ ಮಾತ್ರ ಹೌದು, ಜಾಗಾನೂ ಭಾಳ ತಿಂತದ, ಕಟ್ಟಿಗಿ ಅಡ್ಡ ಇರೋದ್ರಿಂದ ಎಲ್ಲಿ ಬೀಳ್ತದ ಅನ್ನೋದು ಅಂದಾಜಿನ ಮ್ಯಾಲೇ ಒತ್ಬೇಕು.

ಇನ್ನ ಮೂರನೇ ದಾರಿ, ನನಗ ಎಲ್ಲಾಕ್ಕಿಂತ ಜಾಸ್ತಿ ಮನಸ್ಸಿಗೆ ಬಂದಿದ್ದು. ಕೋರ್ಟು, ತಹಶೀಲ್ದಾರ್ ಆಫೀಸ್ ಸುತ್ತಮುತ್ತ ಸಿಕ್ಕಾ ಮಾಡೋ ಅಂಗಡಿ ಇರ್ತಾವಲ್ಲ, ಹೆಡ್‌ಮಾಸ್ಟರು, ಪಂಚಾಯತಿ ಕಾರ್ಯದರ್ಶಿ ಅಂತೆಲ್ಲಾ ಸಿಕ್ಕಾ ಮಾಡಿ ಕೊಡೋರು, ಅವರ ಹತ್ರ ಹೋಗಿ ನಿಮ್ಮ ಶುಭಾಶಯದ ಸಾಲು ಕೊಟ್ರ ಅದನ್ನೇ ಮಾಡಿ ಕೊಡ್ತಾರ. ಅವರು ಬಳಸೋದೂ ಪಾಲಿಮರೇ, ನಿಮ್ಮ ಅಕ್ಷರದ ನೆಗೆಟಿವ್ ಫಿಲ್ಮ್ ತೆಗೆದು ಅದರ ಮ್ಯಾಲ ಲಿಕ್ವಿಡ್ ಪಾಲಿಮರ್ ಹಾಕಿ ಯುವಿ ಲೈಟಿಗೆ ಹಿಡಿತಾರ, ಬೆಳಕು ಬಿದ್ದಲ್ಲಿ ಗಟ್ಟಿ ಆಗ್ತದ, ಉಳಿದಿದ್ದು ತೊಳೆದು ಹೋಗ್ತದ. ಹೊರದೇಶದ ಒಂದು ಚಲೋ ಸೆಟ್ಟಿನ ರೊಕ್ಕದಾಗ ಇಲ್ಲಿ ನಾಕೈದು ಸಾಲು ಮಾಡಿಸಬಹುದು, ಅದೂ ನಮ್ಮ ಮಾತಿನಾಗ. "ಬನ್ನಿ ತಗೊಂಡು ಬಂಗಾರದಂಗ ಇರೋಣ" ಅನ್ನೋ ಸಾಲು ಯಾವ ವೆಬ್‌ಸೈಟಿನಾಗ ಸಿಗ್ತದ ಹೇಳ್ರಿ?

ಆದ್ರ ಅಲ್ಲಿಗೆ ಹೋಗೋ ಮೊದಲು ಕೆಲವು ಮಾತು. ಸೆಲ್ಫ್ ಇಂಕ್ ಸಿಕ್ಕಾ ಅಂತ ಕೇಳಬ್ಯಾಡ್ರಿ, ಅದು ಆಫೀಸ್ ಕೆಲಸಕ್ಕ ಚಲೋ, ಕಾರ್ಡಿಗಲ್ಲ, ಯಾಕಂದ್ರ ಒಂದೇ ಬಣ್ಣದ ಇಂಕ್ ಒಳಗೇ ಇರ್ತದ, ಬ್ಯಾರೆ ಬಣ್ಣ ಹಚ್ಲಾಕ ಬರಂಗಿಲ್ಲ. ಪ್ಲಾಸ್ಟಿಕ್ ಹಿಡಿಕಿ ಸಾದಾ ಸಿಕ್ಕಾ ಕೇಳ್ರಿ, ಇಲ್ಲಾ ಹಿಡಿಕಿ ಬ್ಯಾಡ್ರಿ ಬರೇ ಪಾಲಿಮರ್ ಅಷ್ಟೇ ಕೊಡ್ರಿ ಅಂತ ಕೇಳ್ರಿ, ಅದನ್ನ ಅಕ್ರಿಲಿಕ್ ತುಂಡಿಗೆ ಡಬಲ್ ಸೈಡ್ ಟೇಪಿನಿಂದ ಹಚ್ಕೊಂಡ್ರ ನಿಮಗೂ ಕ್ಲಿಯರ್ ಸ್ಟ್ಯಾಂಪಿನಂಗ ಆಗ್ತದ. ಅಕ್ಷರ ನೀವೇ ಟೈಪ್ ಮಾಡಿ ಪಿಡಿಎಫ್ ಮಾಡ್ಕೊಂಡು ಹೋಗ್ರಿ, ವರ್ಡ್ ಫೈಲ್ ಒಯ್ದ್ರ ಅವರ ಕಂಪ್ಯೂಟರ್‌ದಾಗ ಆ ಫಾಂಟ್ ಇಲ್ದೇ ಒತ್ತಕ್ಷರ ಎಲ್ಲೋ ದೀರ್ಘ ಎಲ್ಲೋ ಆಗ್ತದ. ಮತ್ತ ಸೈಜು. ಕನ್ನಡದ ಕೆಳಗಿನ ಒತ್ತು ಸಣ್ಣ ಸಿಕ್ಕಾದಾಗ ಮೊದಲು ಕೆಡ್ತದ. "ಹುಟ್ಟುಹಬ್ಬದ ಶುಭಾಶಯಗಳು" ಅಂತ ಬರೆದು ನೋಡ್ರಿ, ಟ್ಟು ಕೆಳಗಿನ ಒತ್ತು, ಬ್ಬ ಕೆಳಗಿನ ಒತ್ತು, ಭ ಒಳಗಿನ ಸಣ್ಣ ಸಂದಿ, ಇವೆಲ್ಲಾ ಇಂಕ್ ತುಂಬ್ಕೊಂಡು ಗುಂಡಗ ಕಪ್ಪು ಚುಕ್ಕಿ ಆಗಿ ಬಿಡ್ತಾವ. 20 ಪಾಯಿಂಟಿಗಿಂತ ಸಣ್ಣ ಮಾಡಬ್ಯಾಡ್ರಿ, ಭಾಳ ತೆಳ್ಳಗಿನ ಫಾಂಟೂ ಬ್ಯಾಡ ಭಾಳ ದಪ್ಪದ್ದೂ ಬ್ಯಾಡ, ಎರಡು ಸಾಲು ಇದ್ರ ಮ್ಯಾಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲಿಕಟ್ಟಿಗೆ ತಾಗದಂಗ ನಡುವ ಜಾಗ ಬಿಡ್ರಿ. ಪ್ರೂಫ್ ಕಾಗದದ ಮ್ಯಾಲ ತೆಗೆಸಿ ಒಂದೊಂದು ಅಕ್ಷರ ಓದಿ ಆಮ್ಯಾಲ ಹೂಂ ಅನ್ರಿ. ಒಮ್ಮೆ ಪಾಲಿಮರ್ ಗಟ್ಟಿ ಆದ ಮ್ಯಾಲ ತಿದ್ದಲಾಕ ಬರಂಗಿಲ್ಲ.

ಚಿತ್ರಕ್ಕ ಮಾತ್ರ ಕೈಯಿಂದ ಕೊರೆಯೋದೇ ಚಲೋ ಅಂತೀನಿ. ದೊಡ್ಡ ಬಿಳಿ ಅಳಸೋ ರಬ್ಬರ್, ಇಲ್ಲಾ ಕೊರೀಲಾಕಂತಲೇ ಸಿಗೋ ಮೆತ್ತನ್ನ ರಬ್ಬರ್ ಹಾಳಿ, ಮತ್ತ ಒಂದು ಲಿನೋ ಕಟರ್ (ಕೊರೆಯೋ ಸಣ್ಣ ಉಳಿ), ಇಷ್ಟೇ ಖರ್ಚು. ಚಿತ್ರ ಟ್ರೇಸಿಂಗ್ ಪೇಪರ್ ಮ್ಯಾಲ ಮೆತ್ತನ್ನ ಪೆನ್ಸಿಲಿನಿಂದ ಬರೀರಿ, ಪೇಪರ್ ಉಲ್ಟಾ ಮಾಡಿ ರಬ್ಬರ್ ಮ್ಯಾಲ ಇಟ್ಟು ಉಗುರಿನಿಂದ ತಿಕ್ರಿ, ಗೆರಿ ರಬ್ಬರಿಗೆ ಇಳಿತದ, ತಾನೇ ಕನ್ನಡಿ ಪ್ರತಿಬಿಂಬ ಆಗಿ ಕೂಡ್ತದ, ಒತ್ತಿದಾಗ ಮತ್ತ ನೆಟ್ಟಗ ಬರ್ತದ. ಕೊರೆಯುವಾಗ ಕಟರ್ ತಿರುಗಿಸೋದಲ್ಲ, ರಬ್ಬರ್ ತಿರುಗಿಸ್ಬೇಕು, ಆಗ ಬಳ್ಳಿ, ಎಲಿ ಎಲ್ಲಾ ದುಂಡಗ ಬರ್ತಾವ. ಬನ್ನಿ ಎಲಿ ಭಾಳ ಸಣ್ಣದು, ಅದನ್ನ ಒಂದೊಂದಾಗಿ ಕೊರೆಯೋದು ಕಷ್ಟ, ಒಂದು ಟೊಂಗಿ ನಡುವ ಗೆರಿ ಎಳೆದು ಎರಡೂ ಕಡಿ ಸಣ್ಣ ಸಣ್ಣ ಕಾಳಿನಂಗ ಬಿಟ್ರ ಬನ್ನಿ ಅಂತ ಗೊತ್ತಾಗ್ತದ. ಮಹಾರಾಷ್ಟ್ರದಾಗ ದಸರಾಕ್ಕ ಕೊಡೋ ಆಪಟಾ ಎಲಿ ಎರಡು ಹೋಳಿಂದು ಅಗಲ ಇರ್ತದ, ಬೀದರ್ ಗಡಿಯಾಚೆ ಬೀಗರು ನೆಂಟರು ಇದ್ದವರು ಅದನ್ನ ಕೊರ್ಕೋಬಹುದು, ಹೊಸಬರ ಕೈಗೂ ಅದು ಸುಲಭ. ಜ್ವಾಳದ ತೆನಿ, ತೊಗರಿ ಕಾಯಿ, ಕಲಬುರಗಿ ಬುದ್ಧ ವಿಹಾರದ ಗುಮ್ಮಟ, ಇವೆಲ್ಲಾ ಗೆರಿ ಕಮ್ಮಿ ಇರೋ ಚಿತ್ರ, ಕೊರೀಲಾಕ ಹೇಳಿ ಮಾಡಿಸಿದಂಗ ಅವ. ಸಣ್ಣ ಹುಡುಗರಿಗೆ ಕಟರ್ ಕೊಡಬ್ಯಾಡ್ರಿ, ಬೆಂಡಿಕಾಯಿ ಅಡ್ಡ ಹೆಚ್ಚಿ ಕೊಟ್ರ ಹೂವು ತಾನೇ ಮೂಡ್ತದ, ಪೋಸ್ಟರ್ ಕಲರ್ ತೆಳ್ಳಗ ಹಚ್ಚಿ ಒತ್ತಲಿ.

ಬಟ್ಟಿಗೆ ಒತ್ತೋ ಕಟ್ಟಿಗಿ ಅಚ್ಚೂ ಕಾರ್ಡಿಗೆ ಬರ್ತದ, ಗುಜರಾತದ ಪೇಥಾಪುರ ಅಂತ ಊರು ಈ ಅಚ್ಚಿಗೇ ಹೆಸರುವಾಸಿ. ಆದ್ರ ಗಟ್ಟಿ ಟೇಬಲ್ ಮ್ಯಾಲ ಇಟ್ಟು ಒತ್ತಿದ್ರ ಅರ್ಧಮರ್ಧ ಮೂಡ್ತದ, ಕೆಳಗ ಮಡಚಿದ ಟವೆಲ್ ಹಾಕಿ, ಬಣ್ಣ ಸ್ಪಂಜಿನಿಂದ ತಟ್ಟಿ ಒತ್ತಬೇಕು. ದೊಡ್ಡ ಬಾರ್ಡರಿಗೆ ಮಸ್ತ್, ಸಣ್ಣ ಕೆಲಸಕ್ಕ ಅಲ್ಲ.

ಇಂಕ್ ವಿಷಯಕ್ಕ ಬರೋಣ, ಕಾರ್ಡ್ ಛಂದ ಆಗೋದು ಬಿಡೋದು ಅರ್ಧಕ್ಕಿಂತ ಜಾಸ್ತಿ ಇದರ ಮ್ಯಾಲೇ ಅದ.

ಸ್ಟೇಷನರಿ ಅಂಗಡಿದಾಗ ಸಿಗೋ ಆಫೀಸ್ ಪ್ಯಾಡ್ ಇಂಕ್ ಜಲ್ದಿ ಒಣಗಬಾರದು ಅಂತಲೇ ಮಾಡಿರ್ತಾರ, ಸಾದಾ ಕಾಗದ ಅದನ್ನ ಹೀರ್ಕೊಂತದ ಅಂತ ನಡೀತದ, ಹೊಳಪಿನ ಕಾರ್ಡ್ ಮ್ಯಾಲ ಹಾಕಿದ್ರ ಎಷ್ಟೋ ಹೊತ್ತು ಹಸಿನೇ ಇರ್ತದ, ಕೈ ತಾಗಿದ್ರ ಒರೆಸಿ ಹೋಗ್ತದ, ಗೆರಿ ಅಂಚಿಗೂ ಹಬ್ಬಿ ಬಿಡ್ತದ. ಅಭ್ಯಾಸಕ್ಕ ಸಾಕು, ಕೊಡೋ ಕಾರ್ಡಿಗೆ ಬ್ಯಾಡ. ಡೈ ಇಂಕ್ ಅಂತ ಕೇಳಿ ತಗೊಂಡ್ರ ಜಲ್ದಿ ಒಣಗ್ತದ, ಗೆರಿ ತೆಳ್ಳಗ ಚೊಕ್ಕ ಬರ್ತದ, ದಿನಾ ಬಳಸ್ಲಾಕ ಇದೇ ಚಲೋ, ಆದ್ರ ಬಿಸಿಲಿಗೆ ಇಟ್ರ ಬಣ್ಣ ಮಾಸ್ತದ, ನೀರು ಬಿದ್ರ ಬಹಳಷ್ಟು ಡೈ ಇಂಕ್ ಹರಡ್ತಾವ, ಅದಕ್ಕ ಒತ್ತಿದ ಹೂವಿಗೆ ವಾಟರ್ ಕಲರ್ ತುಂಬೋರು ವಾಟರ್‌ಪ್ರೂಫ್ ಅಂತ ಬರೆದಿದ್ದೇ ತಗೋರಿ. ಪಿಗ್ಮೆಂಟ್ ಇಂಕ್ ದಪ್ಪ, ಕಾಗದದ ಮ್ಯಾಲೇ ಕೂಡ್ತದ, ತಡಾ ಮಾಡಿ ಒಣಗ್ತದ, ಬಣ್ಣ ಮಾತ್ರ ವರ್ಷ ಕಳೆದ್ರೂ ಮಾಸಂಗಿಲ್ಲ, ಕಪ್ಪು ಕಾಗದದ ಮ್ಯಾಲ ಬಿಳಿ ಮೂಡ್ಬೇಕಂದ್ರ ಇದೇ ಬೇಕು. ಸಾಲ್ವೆಂಟ್ ಇಂಕ್ ಅಂತ ಇನ್ನೊಂದು, ಪ್ಲಾಸ್ಟಿಕ್, ಗಾಜು, ಲೋಹ ಎಲ್ಲಾದಕ್ಕೂ ಹತ್ತುತದ, ಕಾರ್ಡ್ ಮಾಡೋರಿಗೆ ಇದರ ಕೆಲಸ ಕಮ್ಮಿ, ಕ್ಲಿಯರ್ ಸ್ಟ್ಯಾಂಪಿಗೆ ಹಚ್ಚಿದ್ರ ಕಲಿ ಉಳಿತದ, ಕ್ಲೀನರೂ ಬ್ಯಾರೆ ತಗೋಬೇಕು.

ಹೊಸದಾಗಿ ಶುರು ಮಾಡೋರು ಒಂದು ಕಪ್ಪು ವಾಟರ್‌ಪ್ರೂಫ್ ಡೈ ಇಂಕ್, ಒಂದು ಬಿಳಿ ಪಿಗ್ಮೆಂಟ್, ಇನ್ನೊಂದು ನಿಮಗ ಸೇರೋ ಬಣ್ಣ, ಮೂರೇ ಪ್ಯಾಡ್ ತಗೋರಿ. ಹನ್ನೆರಡು ಬಣ್ಣದ ಸಸ್ತಾ ಡಬ್ಬಿ ನೋಡ್ಲಿಕ್ಕೆ ಆಸೆ ಹುಟ್ಟಿಸ್ತದ, ನಮ್ಮ ಒಣ ಹವಾದಾಗ ಆ ಸಣ್ಣ ಪ್ಯಾಡ್‌ಗಳು ಒಂದು ಬ್ಯಾಸಗಿ ಕಳಿಯೋದ್ರಾಗ ಅರ್ಧ ಒಣಗಿ ಹೋಗ್ತಾವ. ಪ್ಯಾಡ್ ಮುಚ್ಚಳ ಟಕ್ ಅನ್ನೋವರೆಗೂ ಒತ್ತಿ ಮುಚ್ಚಿ, ಜಿಪ್ ಕವರಿನಾಗ ಹಾಕಿ, ತಂಪಿರೋ ಕಪಾಟಿನಾಗ ಇಡ್ರಿ. ಡೈ ಪ್ಯಾಡ್ ಬೋರಲ ಇಟ್ರ ಇಂಕ್ ಮ್ಯಾಲಿನ ಮುಖದ ಕಡಿ ಇಳ್ಕೊಂಡು ಇರ್ತದ. ಮತ್ತ ಇಂಕ್ ಹಚ್ಚೋದು ಹ್ಯಾಂಗಂದ್ರ ಸ್ಟ್ಯಾಂಪ್ ತಂದು ಪ್ಯಾಡಿಗೆ ಒತ್ತೋದಲ್ಲ, ಸ್ಟ್ಯಾಂಪ್ ಉಲ್ಟಾ ಹಿಡಿದು ಪ್ಯಾಡಿನಿಂದ ಅದರ ಮ್ಯಾಲ ಹಗೂರಕ ತಟ್ಟೋದು, ಆಗ ಎಲ್ಲಿ ಹತ್ತಿಲ್ಲ ಅನ್ನೋದು ಕಣ್ಣಿಗೆ ಕಾಣ್ತದ.

ಇಂಕ್ ಅಂದಮ್ಯಾಲ ಎಂಬಾಸಿಂಗ್ ಪೌಡರ್, ಅಂದ್ರ ಹಸಿ ಇಂಕ್ ಮ್ಯಾಲ ಸುರಿದು ಕಾಸಿದ್ರ ಕರಗಿ ಉಬ್ಬಿ ಹೊಳಿಯೋ ಪುಡಿ, ಅದನ್ನ ಹೇಳ್ದೇ ಇದ್ರ ಆಗಂಗಿಲ್ಲ, ಅದೂ ನಾವು ಬಿದ್ರಿ ನಾಡಿನ ಮಂದಿ. ಬಿದ್ರಿ ಸಾಮಾನು ಸತು ಮತ್ತ ತಾಮ್ರ ಕೂಡಿದ ಲೋಹ, ಅದರಾಗ ಬೆಳ್ಳಿ ತಂತಿ, ಬೆಳ್ಳಿ ತಗಡು ಕೂಡಿಸ್ತಾರ, ಬೀದರ್ ಕೋಟಿ ಮಣ್ಣು ನವಸಾಗರ ಕೂಡಿಸಿ ಹಚ್ಚಿದ್ರ ಲೋಹ ಕಪ್ಪಾಗ್ತದ, ಬೆಳ್ಳಿ ಹಂಗೇ ಹೊಳೀತದ. ಈ ಕಲೆಗಾಗಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಾಗ ಪದ್ಮಶ್ರೀ ಬಂತು. ಆ ಕಪ್ಪು-ಬೆಳ್ಳಿ ಜೋಡಿ ಕಾರ್ಡಿನಾಗ ತರೋದು ಕಷ್ಟ ಏನಿಲ್ಲ. ದಪ್ಪ ಕಪ್ಪು ಕಾಗದ, ಅದರ ಮ್ಯಾಲ ಪಿಗ್ಮೆಂಟ್ ಇಂಕ್ ಇಲ್ಲಾ ಬಣ್ಣ ಇಲ್ದ ಅಂಟಂಟು ಎಂಬಾಸಿಂಗ್ ಇಂಕ್‌ನಿಂದ ಹೂವು ಒತ್ರಿ, ಹಸಿ ಇರುವಾಗಲೇ ಬೆಳ್ಳಿ ಪೌಡರ್ ಸುರೀರಿ, ಉಳಿದ ಪೌಡರ್ ಬ್ಯಾರೆ ಕಾಗದಕ್ಕ ಝಾಡಿಸಿ ಡಬ್ಬಿಗೆ ವಾಪಸ್ ಹಾಕ್ರಿ, ಹೀಟ್ ಗನ್ನಿನಿಂದ (ಭಾಳ ಬಿಸಿ ಗಾಳಿ ಬಿಡೋ ಯಂತ್ರ) ಕಾಸ್ರಿ. ಮೊದಲು ಹಿಟ್ಟಿನಂಗ ಮಂಕಾಗಿ ಕಾಣ್ತಿದ್ದದ್ದು ಒಂದು ಕಡೆಯಿಂದ ಕರಗ್ತಾ ಕರಗ್ತಾ ಗೆರಿ ಗೆರಿ ಹೊಳಪು ಬರ್ತದ, ಹೊಳಪು ಬಂದ ಕೂಡ್ಲೇ ಗನ್ ಸರಿಸ್ರಿ, ಜಾಸ್ತಿ ಕಾಸಿದ್ರ ಪೌಡರ್ ಕಾಗದದಾಗ ಇಂಗಿ ಚಪ್ಪಟೆ ಆಗ್ತದ. ಬಿದ್ರಿ ಹೂಜಿ ಮ್ಯಾಲ ಬರೋ ಅಶರ್ಫಿ ಕಿ ಬೂಟಿ, ಅಂದ್ರ ಸಾಲಾಗಿ ದುಂಡಗಿನ ಹೂವು, ಅದು ಅಳಸೋ ರಬ್ಬರಿನಾಗ ಕೊರೀಲಾಕ ಭಾಳ ಸುಲಭ, ಒಂದೇ ಹೂವು ಕೊರೆದು ಸಾಲಾಗಿ ಒತ್ತಿದ್ರ ಕಾರ್ಡ್ ತುಂಬ್ತದ.

ಹೇರ್ ಡ್ರೈಯರ್ ನಡೀತದೇನು ಅಂತ ಎಲ್ಲಾರೂ ಕೇಳ್ತಾರ. ನಡೆಯಂಗಿಲ್ರಿ, ಅದರಾಗ ಕಾವು ಕಮ್ಮಿ ಗಾಳಿ ಜಾಸ್ತಿ, ಪೌಡರ್ ಕರಗೋ ಮೊದಲೇ ಹಾರಿ ಹೋಗ್ತದ. ಹೀಟ್ ಗನ್ ಇಲ್ಲಂದ್ರ ಇಸ್ತ್ರಿ ಪೆಟಿಗಿ ಫುಲ್ ಕಾಸಿ ಉಲ್ಟಾ ಭದ್ರ ಹಿಡಿದು, ಕಾರ್ಡಿನ ಹಿಂದಿನ ಕಡಿ ಅದರ ಮ್ಯಾಲ ತಾಗದಂಗ ಹತ್ರ ಹಿಡೀರಿ, ಕೆಳಗಿನ ಕಾವಿಗೇ ಪೌಡರ್ ಕರಗ್ತದ, ಇದಕ್ಕ ಇಬ್ಬರು ಬೇಕು. ಗ್ಯಾಸ್ ಉರಿ ಮ್ಯಾಲ ಮಾತ್ರ ಎಂದೂ ಹಿಡಿಬ್ಯಾಡ್ರಿ. ಪೌಡರ್ ಹಾಕುವಾಗ ಫ್ಯಾನ್ ಬಂದ್ ಮಾಡ್ರಿ, ಬ್ಯಾಸಗ್ಯಾಗ ಅದೇ ದೊಡ್ಡ ಶಿಕ್ಷೆ, ಅದಕ್ಕ ಈ ಕೆಲಸ ನಸುಕಿನಾಗ ಇಟ್ಕೋರಿ. ಕೂಲರ್ ಇರೋ ಕೋಣ್ಯಾಗ ಬ್ಯಾಡ, ತೇವ ಹಿಡಿದ ಕಾಗದಕ್ಕ ಪೌಡರ್ ಬೇಕಾದಲ್ಲಿ ಬ್ಯಾಡಾದಲ್ಲಿ ಎಲ್ಲಾ ಕಡಿ ಅಂಟ್ತದ. ಒತ್ತೋ ಮೊದಲು ಒಂದು ಚೂರು ಟಾಲ್ಕಂ ಪೌಡರ್ ಬಟ್ಟಿಗೆ ಹಚ್ಚಿ ಕಾಗದ ಒರೆಸಿದ್ರ ಈ ಅಂಟೋದು ಕಮ್ಮಿ ಆಗ್ತದ.

ಕಾಗದದ ಬಗ್ಗೆ ಜಾಸ್ತಿ ಹೇಳೋದಿಲ್ಲ. ಕಾರ್ಡಿನ ಬುಡಕ್ಕ 250ರಿಂದ 300 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗ್ತದ ಅನ್ನೋ ಲೆಕ್ಕ), ಮ್ಯಾಲ ಹಚ್ಚೋ ಪದರಕ್ಕ 120ರಿಂದ 160 ಸಾಕು. ಚಾರ್ಟ್ ಪೇಪರ್ ತೆಳ್ಳಗ, ಮಡಚಿದ್ರ ನಿಲ್ಲಂಗಿಲ್ಲ. ಹ್ಯಾಂಡ್‌ಮೇಡ್ ಪೇಪರ್ ನೋಡ್ಲಿಕ್ಕೆ ಎಷ್ಟು ಛಂದ ಇದ್ರೂ ಮುಖ ಒರಟು, ಸಣ್ಣ ಅಕ್ಷರ ಒಡೆದು ಬರ್ತಾವ, ಅದನ್ನ ಬುಡಕ್ಕ ಇಟ್ಕೊಂಡು ಅಕ್ಷರ ಮಾತ್ರ ನುಣ್ಣನೆ ಕಾಗದದ ಮ್ಯಾಲ ಒತ್ತಿ ಹಚ್ರಿ. ಲಗ್ನಪತ್ರಿಕೆ ಛಾಪಿಸೋ ಪ್ರೆಸ್ಸಿನಾಗ ಕೇಳಿದ್ರ ಕತ್ತರಿಸಿ ಉಳಿದ ಚಲೋ ಕಾರ್ಡ್ ತುಂಡು ಸಿಗ್ತಾವ, ಅಂಗಡಿ ಪ್ಯಾಕೆಟ್ಟಿಗಿಂತ ಅದೇ ಚಲೋ. ಎ4 ಹಾಳಿ ನಡುವ ಕತ್ತರಿಸಿ ಒಂದೊಂದು ತುಂಡು ಮಡಚಿದ್ರ 105 ಬೈ 148 ಮಿಲಿಮೀಟರ್ ಕಾರ್ಡ್, ಅದಕ್ಕ ಸಿ6 ಕವರ್ ಸರಿ ಹೊಂದ್ತದ, ಒಂದು ಹಾಳಿಗೆ ಎರಡು ಕಾರ್ಡ್.

ಇನ್ನ ಅಲಂಕಾರ. ಇಲ್ಲಿ ಯಾವುದು ಛಂದ ಅನ್ನೋದಕ್ಕಿಂತ ಕಾರ್ಡ್ ಹ್ಯಾಂಗ ಹೋಗ್ತದ ಅನ್ನೋದು ಮೊದಲು ನೋಡ್ರಿ, ಕೈಯಾಗ ಕೊಡೋದೋ ಪೋಸ್ಟಿಗೆ ಹಾಕೋದೋ.

ಕೈಯಾಗ ಕೊಡೋದಿದ್ರ ನಿಮಗ ತಡೆಯೋರಿಲ್ಲ. ಅರ್ಧ ಮುತ್ತು, ಕುಂದಣ, ಫೋಮ್ ಟೇಪ್ ಹಾಕಿ ಎತ್ತರಿಸಿದ ಹೂವು, ರಿಬ್ಬನ್ ಗಂಟು, ಕ್ವಿಲ್ಲಿಂಗ್ (ಕಾಗದದ ಪಟ್ಟಿ ಸುತ್ತಿ ಮಾಡೋ ಹೂವು) ಎಲ್ಲಾ ನಡೀತದ. ದುಬಾರಿ ಕ್ರಾಫ್ಟ್ ಪ್ಯಾಕೆಟ್ ತಗೊಳ್ಳೋ ಬದಲು ಬಳಿ ಅಂಗಡಿಗೆ ಹೋಗ್ರಿ, ಟಿಕಳಿ ಪ್ಯಾಕೆಟ್ ತಗೋರಿ, ಕುಂದಣದ ಟಿಕಳಿ ಅಂದ್ರ ಹಿಂದ ಅಂಟು ಇರೋ ಸಣ್ಣ ರತ್ನದ ಸ್ಟಿಕ್ಕರೇ ಅಲ್ಲೇನು, ಬೆಲಿ ಭಾಳ ಕಮ್ಮಿ. ಅದರ ಅಂಟು ಕಾಗದಕ್ಕ ಜಾಸ್ತಿ ದಿನ ಹಿಡಿಯಂಗಿಲ್ಲ, ಕೆಳಗ ಒಂದು ಹನಿ ಫ್ಯಾಬ್ರಿಕ್ ಗ್ಲೂ ಹಾಕ್ರಿ. ಟೇಲರ್ ಹತ್ರ ಉಳಿದ ಜರಿ ಅಂಚು, ಬ್ಲೌಸಿನ ಲೇಸ್ ತುಂಡು ಕೇಳಿದ್ರ ಕೊಡ್ತಾರ. ತಾಂಡಾದ ಲಂಬಾಣಿ ಅಕ್ಕಗಳು ಹೊಲಿಯೋ ಕನ್ನಡಿ ಕೆಲಸದ ತುಂಡು ಒಂದು ಸಿಕ್ರ ಕಾರ್ಡಿನ ನಡುವ ಅದೊಂದೇ ಸಾಕು, ಸುತ್ತ ಬ್ಯಾರೆ ಏನೂ ಹಾಕಬ್ಯಾಡ್ರಿ, ಆದ್ರ ಅದನ್ನ ರೊಕ್ಕ ಕೊಟ್ಟೇ ತಗೋರಿ, ಒಂದೊಂದು ಕನ್ನಡಿ ಸುತ್ತ ದಾರ ಹೊಲಿಯೋದು ಎಷ್ಟು ಕೆಲಸ ಅಂತ ನೋಡಿದವರಿಗೆ ಗೊತ್ತು. ಬೀದರ್ ಕೋಟ್ಯಾಗಿನ ರಂಗೀನ್ ಮಹಲಿನಾಗ ಕಪ್ಪು ಕಲ್ಲಿನಾಗ ಮುತ್ತಿನ ಚಿಪ್ಪು ಕೂಡಿಸಿದ ಕೆಲಸ ಅದ, ಅದನ್ನ ಒಮ್ಮೆ ಕಣ್ಣಾರೆ ನೋಡಿ ಬರ್ರಿ, ಕಪ್ಪು ಕಾರ್ಡ್ ಮ್ಯಾಲ ಅರ್ಧ ಮುತ್ತು ಹ್ಯಾಂಗ ಸಾಲು ಹಚ್ಚಬೇಕು ಅನ್ನೋದು ಅಲ್ಲೇ ತಿಳಿತದ.

ಬ್ಯಾಡ ಅನ್ನೋದೂ ಕೆಲವು ಅವ. ಒಡೆದ ಬಳಿ ಚೂರು ಹಚ್ಚಬ್ಯಾಡ್ರಿ, ಕೈ ಕೊಯ್ತದ. ನಮ್ಮದು ತೊಗರಿ ಕಣಜ ಅಂತ ಶಾಲಿ ಮಕ್ಕಳಿಂದ ತೊಗರಿ ಬ್ಯಾಳಿ, ಎಳ್ಳು ಹಚ್ಚಿಸ್ತಾರ, ಪ್ರೊಜೆಕ್ಟಿಗೆ ನಡೀತದ, ಇಟ್ಕೊಳ್ಳೋ ಕಾರ್ಡಿಗೆ ಹಚ್ಚಿದ್ರ ನುಸಿ ಹಿಡಿತದ. ಬನ್ನಿ ಎಲಿ ಖರೇವೇ ಹಚ್ಚೋ ಆಸೆ ಇದ್ರ ದಪ್ಪ ಪುಸ್ತಕದಾಗ ಒತ್ತಿ ಪೂರಾ ಒಣಗಿಸಿ ಆಮ್ಯಾಲ ಹಚ್ರಿ, ಹಸಿ ಎಲಿ ಹಚ್ಚಿದ್ರ ಕಾಗದಕ್ಕ ಕಲಿ ಬೀಳ್ತದ. ಗ್ಲಿಟರ್ ಉದುರೋದು ನಿಲ್ಲಂಗೇ ಇಲ್ಲ, ನಾನಂತೂ ಯಾರಿಗೂ ಹೇಳೋದಿಲ್ಲ.

ಪೋಸ್ಟಿಗೆ ಹಾಕೋದಿದ್ರ ಮಾತ್ರ ಚಪ್ಪಟೆ ಕಾರ್ಡೇ ಮಾಡ್ರಿ. ಕವರ್ ಮ್ಯಾಲ ಠಸ್ಸೆ ಬೀಳ್ತದ, ಗಂಟಿನ ನಡುವ ಒತ್ತಿ ಬೀಳ್ತದ, ಎತ್ತರದ ಕುಂದಣ ಇದ್ರ ಕವರ್ ಹರಿತದ ಇಲ್ಲಾ ಕುಂದಣ ಕಿತ್ತು ಒಳಗೇ ಉರುಳಾಡ್ತದ. ಅದಕ್ಕ ಎಂಬಾಸಿಂಗ್, ಜರಿ ದಾರದ ಒಂದು ಎಳಿ, ತೆಳ್ಳನೆ ಲೇಸ್, ಕಾಗದದ ಪದರ, ಇಷ್ಟರಾಗೇ ಕೆಲಸ ಮುಗಿಸ್ರಿ, ಎತ್ತರ ಬೇಕಂದ್ರ ಫೋಮ್ ಟೇಪ್ ಬದಲು ಎರಡು ಪದರ ದಪ್ಪ ಕಾಗದ. ಎಂಬಾಸಿಂಗ್ ಮಾಡಿದ ಮುಖದ ಮ್ಯಾಲ ಬಟರ್ ಪೇಪರ್ ಒಂದು ಹಾಳಿ ಇಟ್ಟು ಕವರಿಗೆ ಹಾಕ್ರಿ, ಬ್ಯಾಸಗಿ ಕಾವಿಗೆ ಕವರಿಗೆ ಹಿಡ್ಕೊಳ್ಳಂಗಿಲ್ಲ. ಏನಾದ್ರೂ ಎತ್ತರದ್ದು ಹಚ್ಚೇ ಹಚ್ತೀನಿ ಅಂದ್ರ ಬಬಲ್ ಕವರ್ ತಗೊಂಡು ಸ್ಪೀಡ್ ಪೋಸ್ಟ್ ಮಾಡ್ರಿ, 2025ರಾಗ ರಿಜಿಸ್ಟರ್ ಪೋಸ್ಟನ್ನೂ ಅದರಾಗೇ ಕೂಡಿಸ್ಯಾರ. ಪೋಸ್ಟ್ ಆಫೀಸ್ ಕೌಂಟರಿನಾಗ ತೂಕ ಮಾಡಿಸಿಯೇ ಟಿಕೆಟ್ ಹಚ್ರಿ, ಕಮ್ಮಿ ಹಚ್ಚಿದ್ರ ತಗೊಳ್ಳೋರ ಕಡಿಂದ ರೊಕ್ಕ ವಸೂಲಿ ಮಾಡ್ತಾರ. ಕವರ್ ಮ್ಯಾಲಿನ ವಿಳಾಸ ಡೈ ಇಂಕ್ ಪೆನ್ನಿನಿಂದ ಬರೀಬ್ಯಾಡ್ರಿ, ಬಾಲ್ ಪೆನ್ನಿನಿಂದ ಬರೀರಿ, ಮಳಿಗಾಲದಾಗ ನೀರು ಬಿದ್ರೂ ಪಿನ್ ಕೋಡ್ ಉಳಿತದ.